ಮಿಡ್‌ವೇ: ಹ್ಯಾಂಗರಿನೊಳಗಿನ ಮೂರು ಗಂಟೆ

ಎರಡನೇ ಮಹಾಯುದ್ಧದಲ್ಲಿ ಜಪಾನ್ ಮತ್ತು ಅಮೆರಿಕದ ನೌಕಾಪಡೆಗಳು ಪೆಸಿಫಿಕ್ ಸಾಗರದಲ್ಲಿ ಎದುರಾದ ಮಿಡ್‌ವೇ ಕದನದ ಮಾತು ಬಂದಾಗಲೆಲ್ಲ ‘ಆ ಐದು ನಿಮಿಷ’ದ ಕತೆ ಬಂದೇ ಬರುತ್ತದೆ. 1942ರ ಜೂನ್ 4, ಬೆಳಿಗ್ಗೆ 10.20ರ ಹೊತ್ತು. ಜಪಾನಿನ ವಿಮಾನವಾಹಕ ನೌಕೆಗಳ ಡೆಕ್ (ಮೇಲಿನ ಹಾರುಪಟ್ಟಿ) ತುಂಬ ಬಾಂಬರುಗಳು ಎಂಜಿನ್ ಚಾಲೂ ಮಾಡಿಕೊಂಡು ಸಾಲಾಗಿ ನಿಂತಿದ್ದವು, ಇನ್ನೈದು ನಿಮಿಷ ಸಿಕ್ಕಿದ್ದರೆ ಹಾರಿಬಿಡುತ್ತಿದ್ದವು, ಅಷ್ಟರಲ್ಲಿ ಮೇಲಿನಿಂದ ಅಮೆರಿಕದ ಡೈವ್ ಬಾಂಬರುಗಳು, ಅಂದರೆ ಧುಮುಕಿ ಬಾಂಬ್ ಹಾಕುವ ವಿಮಾನಗಳು, ಎರಗಿದವು ಎನ್ನುವ ಕತೆ. ಇದನ್ನು ಬರೆದವರು ಫುಚಿಡಾ ಮಿತ್ಸುವೊ. ಪರ್ಲ್ ಹಾರ್ಬರ್ ದಾಳಿಯಲ್ಲಿ ವಿಮಾನಗಳ ಮುಂದಾಳಾಗಿದ್ದವರು. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಗಿದ್ದರಿಂದ ಆ ದಿನ ಹಾರದೆ ‘ಅಕಾಗಿ’ ಹಡಗಿನಲ್ಲೇ ಉಳಿದಿದ್ದರು. ಕಣ್ಣಾರೆ ಕಂಡವರ ಮಾತು ಎಂದು ಎಷ್ಟೋ ದಶಕ ಎಲ್ಲರೂ ನಂಬಿದರು.

ಅಕಾಗಿಯ ಡೆಕ್ ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. 10 ಗಂಟೆ ದಾಟಿದ ಮೇಲೂ ಅಲ್ಲಿ ಕಾವಲಿನ ಫೈಟರುಗಳು ಇಳಿಯುತ್ತಿದ್ದವು, ಏಳುತ್ತಿದ್ದವು. ಫೈಟರ್ ಇಳಿಯುತ್ತಿರುವ ಡೆಕ್ಕಿನ ಮೇಲೆ ಬಾಂಬರುಗಳನ್ನು ಸಾಲಾಗಿ ನಿಲ್ಲಿಸಲು ಬರುವುದಿಲ್ಲ. ಬಾಂಬರುಗಳಿದ್ದದ್ದು ಕೆಳಗೆ ಹ್ಯಾಂಗರಿನಲ್ಲಿ, ಅಂದರೆ ಡೆಕ್ಕಿನಡಿಯ ವಿಮಾನ ಕೊಠಡಿಯಲ್ಲಿ, ಪೆಟ್ರೋಲ್ ತುಂಬಿಕೊಂಡು, ನೀರಿನಡಿ ಸಾಗಿ ಹಡಗಿಗೆ ಬಡಿಯುವ ಟಾರ್ಪಿಡೊವನ್ನು ಹೊಟ್ಟೆಗೆ ಕಟ್ಟಿಕೊಂಡು. ಅವು ಅಲ್ಲಿ ಯಾಕೆ ಉಳಿದವು ಎಂಬುದು ತಿಳಿದರೆ ಇಡೀ ಕದನ ತಿಳಿದಂತೆ. ಅದಕ್ಕೆ ಮೂರು ಗಂಟೆ ಹಿಂದಕ್ಕೆ ಹೋಗಬೇಕು.

ಮೊದಲು ಎರಡು ಸಣ್ಣ ಸೂಚನೆ. ನಾನು ಹೇಳುವ ಗಂಟೆಗಳೆಲ್ಲ ಮಿಡ್‌ವೇಯ ಸ್ಥಳೀಯ ಸಮಯ. ಜಪಾನಿನ ನೌಕಾಪಡೆ ಎಲ್ಲಿದ್ದರೂ ಟೋಕಿಯೊ ಗಡಿಯಾರವನ್ನೇ ಇಟ್ಟುಕೊಳ್ಳುತ್ತಿತ್ತು, ಅದು 21 ಗಂಟೆ ಮುಂದೆ. ಅವರ ದಾಖಲೆಗಳಲ್ಲಿ ಈ ಕದನದ ತಾರೀಖು ಜೂನ್ 5 ಎಂದು ಇರುವುದು ಅದಕ್ಕೇ. ಮೈಲಿ ಎಂದರೆ ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್.

ಕಾರವಾರದ ನೌಕಾನೆಲೆಯ ‘ವಿಕ್ರಮಾದಿತ್ಯ’ವನ್ನು ನಿಮ್ಮಲ್ಲಿ ಹಲವರು ದೂರದಿಂದಲಾದರೂ ನೋಡಿರುತ್ತೀರಿ. ಅದು 284 ಮೀಟರ್ ಉದ್ದ. ಅಕಾಗಿ 260 ಮೀಟರ್. ಗಾತ್ರದಲ್ಲಿ ಅಂಥ ವ್ಯತ್ಯಾಸವಿಲ್ಲ. ಆದರೆ ವಿಕ್ರಮಾದಿತ್ಯದಲ್ಲಿ ವಿಮಾನ ಇಳಿಯುವ ಪಟ್ಟಿ ಓರೆಯಾಗಿ, ಎಡಕ್ಕೆ ವಾಲಿಕೊಂಡಿದೆ. 1942ರಲ್ಲಿ ಆ ಓರೆ ಡೆಕ್ ಇರಲಿಲ್ಲ. ಇದ್ದದ್ದು ಮೂತಿಯಿಂದ ಬಾಲದವರೆಗೆ ನೇರವಾದ ಒಂದೇ ಪಟ್ಟಿ. ಹಾರಲಿರುವ ವಿಮಾನಗಳನ್ನು ಹಿಂಭಾಗದಲ್ಲಿ ಒತ್ತೊತ್ತಾಗಿ ನಿಲ್ಲಿಸಬೇಕು, ಇಳಿಯುವ ವಿಮಾನ ಬರುವುದೂ ಅದೇ ಹಿಂಭಾಗದಿಂದ. ಆದ್ದರಿಂದ ಒಂದು ಹೊತ್ತಿಗೆ ಒಂದೇ ಕೆಲಸ: ಇಲ್ಲವೇ ಹಾರಿಸು, ಇಲ್ಲವೇ ಇಳಿಸಿಕೊ. ಜಪಾನಿನ ಹಡಗುಗಳಲ್ಲಿ ಟಾರ್ಪಿಡೊ ಕಟ್ಟುವುದು, ಪೆಟ್ರೋಲ್ ತುಂಬುವುದು ಕೆಳಗಿನ ಹ್ಯಾಂಗರಿನಲ್ಲೇ ನಡೆಯುತ್ತಿತ್ತು. ಆಮೇಲೆ ಒಂದೊಂದೇ ವಿಮಾನವನ್ನು ಲಿಫ್ಟಿನಲ್ಲಿ ಮೇಲೆತ್ತಿ, ಹಿಂದಕ್ಕೆ ತಳ್ಳಿ, ಮಡಿಚಿದ ರೆಕ್ಕೆ ಬಿಚ್ಚಿ, ಎಂಜಿನ್ ಬಿಸಿ ಮಾಡಬೇಕು. ಒಂದು ದಾಳಿಯ ಗುಂಪು ಹ್ಯಾಂಗರಿನಿಂದ ಹೊರಟು ಆಕಾಶ ಸೇರಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಈ ಮುಕ್ಕಾಲು ಗಂಟೆಯನ್ನು ನೆನಪಿಟ್ಟುಕೊಳ್ಳಿ.

ಈಗ ಆ ಬೆಳಗಿಗೆ ಬರೋಣ. ಮಿಡ್‌ವೇ ಎಂದರೆ ಹವಾಯಿಯ ವಾಯವ್ಯಕ್ಕಿರುವ ಹವಳದ ದಿಬ್ಬ, ಸ್ಯಾಂಡ್ ಮತ್ತು ಈಸ್ಟರ್ನ್ ಎಂಬ ಎರಡು ಪುಟ್ಟ ದ್ವೀಪ, ಒಂದು ವಿಮಾನ ನೆಲೆ. ಅದನ್ನು ಹಿಡಿಯಲು ಹೊರಟರೆ ಅಮೆರಿಕದ ವಿಮಾನವಾಹಕಗಳು ರಕ್ಷಣೆಗೆ ಓಡಿಬರುತ್ತವೆ, ಆಗ ಅವನ್ನು ಮುಗಿಸಬಹುದು ಎಂಬುದು ಅಡ್ಮಿರಲ್ ಯಮಾಮೊಟೊ ಅವರ ಯೋಜನೆ. ಅವರು ‘ಯಮಾಟೊ’ ಯುದ್ಧನೌಕೆಯಲ್ಲಿ ನೂರಾರು ಮೈಲಿ ಹಿಂದೆ ಇದ್ದರು. ಮುಂದೆ ಇದ್ದವರು ವೈಸ್ ಅಡ್ಮಿರಲ್ ನಗುಮೊ ಚುಯಿಚಿ, ಅಕಾಗಿ, ಕಾಗಾ, ಸೋರ್ಯು, ಹಿರ್ಯು ಎಂಬ ನಾಲ್ಕು ಹಡಗುಗಳೊಂದಿಗೆ. ಇತ್ತ ಹವಾಯಿಯಲ್ಲಿ ಅಮೆರಿಕದ ಕಮಾಂಡರ್ ರೋಶ್‌ಫೋರ್ಟ್ ಅವರ ತಂಡ ಜಪಾನಿನ ಸಂಕೇತ ಲಿಪಿಯನ್ನು ಸಾಕಷ್ಟು ಒಡೆದಿತ್ತು. ಸಂದೇಶಗಳಲ್ಲಿ ಬರುತ್ತಿದ್ದ ‘ಎಎಫ್’ ಯಾವ ಜಾಗ ಎಂಬ ಅನುಮಾನವಿದ್ದಾಗ, ಮಿಡ್‌ವೇಯಿಂದ ‘ಕುಡಿಯುವ ನೀರಿನ ಯಂತ್ರ ಕೆಟ್ಟಿದೆ’ ಎಂದು ಬಹಿರಂಗವಾಗಿ ರೇಡಿಯೊ ಕಳಿಸಿದರು. ಸ್ವಲ್ಪದರಲ್ಲೇ ‘ಎಎಫ್‌ನಲ್ಲಿ ನೀರಿಗೆ ಕಷ್ಟ’ ಎಂಬ ಜಪಾನಿ ಸಂದೇಶ ಸಿಕ್ಕಿತು. ಹೀಗಾಗಿ ಅಮೆರಿಕದ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ನಿಮಿಟ್ಜ್ ತಮ್ಮ ಮೂರು ವಿಮಾನವಾಹಕಗಳನ್ನು ಮಿಡ್‌ವೇಯ ಈಶಾನ್ಯಕ್ಕೆ ಮೊದಲೇ ಕಳಿಸಿ ಕೂರಿಸಿದ್ದರು.

ಬೆಳಿಗ್ಗೆ 4.30. ನಗುಮೊ 108 ವಿಮಾನಗಳನ್ನು ಮಿಡ್‌ವೇ ಮೇಲೆ ಬಿಟ್ಟರು. ಮೂರು ಬಗೆ, ತಲಾ 36: ಡೈವ್ ಬಾಂಬರ್, ಮಟ್ಟಸ ಹಾರಿ ಬಾಂಬ್ ಹಾಕುವ ವಿಮಾನ, ಜೀರೊ ಫೈಟರ್. ಉಳಿದರ್ಧವನ್ನು ಅಮೆರಿಕದ ಹಡಗು ಕಂಡರೆ ಬೇಕೆಂದು ಕಾದಿರಿಸಿಕೊಂಡರು. ಅಷ್ಟು ದೊಡ್ಡ ಕಡಲನ್ನು ಹುಡುಕಲು ಕಳಿಸಿದ್ದು ಏಳೇ ವಿಮಾನ. ಅದರಲ್ಲಿ ‘ಟೋನೆ’ ಎಂಬ ಕ್ರೂಸರ್ ಯುದ್ಧನೌಕೆಯ ನಾಲ್ಕನೇ ವಿಮಾನ ಅರ್ಧ ಗಂಟೆ ತಡವಾಗಿ ಹೊರಟಿತು. ಏಳೇ ವಿಮಾನ ಕಳಿಸಿದ್ದೇ ದೊಡ್ಡ ತಪ್ಪು. ಆ ಅರ್ಧ ಗಂಟೆಯ ಮೇಲೆ ಎಲ್ಲ ಹೊರೆ ಹಾಕುವುದು ಸರಿಯಲ್ಲ.

7 ಗಂಟೆಗೆ ಮಿಡ್‌ವೇ ದಾಳಿಯ ಮುಂದಾಳು ಲೆಫ್ಟಿನೆಂಟ್ ತೊಮೊನಾಗಾ ಅವರಿಂದ ಸಂದೇಶ: ಇನ್ನೊಂದು ದಾಳಿ ಬೇಕು. ಅದರ ಬೆನ್ನಿಗೇ ಮಿಡ್‌ವೇಯಿಂದ ಬಂದ ಹತ್ತು ವಿಮಾನಗಳು ಹಡಗುಗಳ ಮೇಲೆ ಟಾರ್ಪಿಡೊ ಬಿಟ್ಟವು. ಒಂದೂ ತಾಗಲಿಲ್ಲ, ಆದರೆ ಪೆಟ್ಟು ತಿಂದ ಬಿ-26 ವಿಮಾನವೊಂದು ಅಕಾಗಿಯ ಬ್ರಿಜ್‌ಗೆ, ಅಂದರೆ ಹಡಗು ನಡೆಸುವ ಕಟ್ಟೆಗೆ, ಅಪ್ಪಳಿಸುವುದು ಕೂದಲೆಳೆಯಲ್ಲಿ ತಪ್ಪಿ ಕಡಲಿಗೆ ಬಿತ್ತು. ನಗುಮೊ ಅದೇ ಬ್ರಿಜ್ ಮೇಲೆ ನಿಂತಿದ್ದರು. 7.15ಕ್ಕೆ ಅವರ ಆದೇಶ: ಕಾದಿರಿಸಿದ ವಿಮಾನಗಳ ಟಾರ್ಪಿಡೊ ಬಿಚ್ಚಿ, ನೆಲದ ಗುರಿಗೆ ಬೇಕಾದ ಬಾಂಬ್ ಕಟ್ಟಿ.

ಈ ಒಂದು ವಾಕ್ಯ ಹ್ಯಾಂಗರಿನಲ್ಲಿ ಏನಾಗುತ್ತದೆ ನೋಡೋಣ. ಟಾರ್ಪಿಡೊದ ತೂಕ ಸುಮಾರು 800 ಕಿಲೊ. ಅದನ್ನು ಹೊರುವ ತಳ್ಳುಗಾಡಿಗಳು ಇದ್ದದ್ದು ಒಂದು ಸಲಕ್ಕೆ ಕೆಲವೇ ವಿಮಾನಗಳಿಗೆ ಸಾಕಾಗುವಷ್ಟು. ಗಾಡಿಯನ್ನು ವಿಮಾನದ ಹೊಟ್ಟೆಯಡಿಗೆ ತಳ್ಳಬೇಕು, ತೊಟ್ಟಿಲನ್ನು ಮೇಲಕ್ಕೆ ಏರಿಸಿ ಟಾರ್ಪಿಡೊದ ಭಾರ ಹೊತ್ತುಕೊಳ್ಳಬೇಕು, ಕೊಂಡಿ ಬಿಚ್ಚಿ ಇಳಿಸಬೇಕು, ಪಕ್ಕಕ್ಕೆ ಒಯ್ದು ಚೌಕಟ್ಟಿನಲ್ಲಿ ಇಡಬೇಕು. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಟಾರ್ಪಿಡೊ ಕೂರುವ ಹಿಡಿಕೆಗೆ ಬಾಂಬ್ ಕೂರುವುದಿಲ್ಲ. ಆ ಹಿಡಿಕೆಯ ಬೋಲ್ಟು ಬಿಚ್ಚಿ, ಬಾಂಬಿನದನ್ನು ಕೂರಿಸಿ, ಬಿಗಿ ಮಾಡಿ, ಬಿಡುವ ಕೊಂಡಿಯನ್ನು ಪರೀಕ್ಷಿಸಬೇಕು. ಆಮೇಲೆ ಹಡಗಿನ ತಳದ ಮದ್ದಿನ ಕೋಣೆಯಿಂದ ಲಿಫ್ಟಿನಲ್ಲಿ ಬಾಂಬ್ ಬರಬೇಕು. ಇಷ್ಟೆಲ್ಲ ಒಂದು ಸರದಿ ಆದ ಮೇಲೆ ಅದೇ ಗಾಡಿ ಮುಂದಿನ ವಿಮಾನಕ್ಕೆ. ಎಲ್ಲ ವಿಮಾನಗಳಿಗೆ ಒಂದೂವರೆ ಗಂಟೆಗೆ ಕಡಿಮೆಯಿಲ್ಲ, ಅದೂ ಹಡಗು ನೆಟ್ಟಗೆ ಸಾಗುತ್ತಿದ್ದರೆ. ಅಂದು ಹಡಗು ನೆಟ್ಟಗೆ ಸಾಗಲಿಲ್ಲ. ಬಾಂಬ್ ತಪ್ಪಿಸಿಕೊಳ್ಳಲು ಪೂರ್ತಿ ವೇಗದಲ್ಲಿ ತಿರುಗುವ ಹಡಗು ವಾಲಿದಾಗ, 800 ಕಿಲೊ ಹೊತ್ತ ಗಾಡಿಯನ್ನು ಹಿಡಿದು ನಿಲ್ಲಿಸುವುದೇ ಸಾಹಸ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಏಕೆಂದರೆ ಇದೇ ತೊಡಕು ಎರಡು ತಿಂಗಳ ಹಿಂದೆ ನಮ್ಮ ಹತ್ತಿರದಲ್ಲೇ ಕಾಣಿಸಿಕೊಂಡಿತ್ತು. 1942ರ ಏಪ್ರಿಲ್ 5ರಂದು ಇದೇ ನಗುಮೊ ಕೊಲಂಬೊ ಮೇಲೆ ದಾಳಿ ಮಾಡಿದರು. ಮರುದಿನ ಇನ್ನೊಂದು ಜಪಾನಿ ಪಡೆ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಹಾಕಿತು. ಮದ್ರಾಸಿನ ಜನ ಊರು ಬಿಟ್ಟ ದಿನಗಳವು. ಕೊಲಂಬೊ ದಿನವೂ ಎರಡನೇ ದಾಳಿ ಬೇಕೆಂದು ಕಾದಿರಿಸಿದ ವಿಮಾನಗಳಿಗೆ ಬಾಂಬ್ ಕಟ್ಟಲು ಹೇಳಿದ್ದರು. ನಡುವೆ ಬ್ರಿಟಿಷ್ ಕ್ರೂಸರುಗಳು ಕಂಡವು, ಮತ್ತೆ ಟಾರ್ಪಿಡೊ ಕಟ್ಟಿ ಎಂದರು, ಗೊಂದಲವಾಯಿತು, ಟಾರ್ಪಿಡೊ ವಿಮಾನಗಳು ಹೊತ್ತಿಗೆ ಸಿದ್ಧವಾಗಲಿಲ್ಲ. ಡೈವ್ ಬಾಂಬರುಗಳೇ ಹೋಗಿ ‘ಕಾರ್ನ್‌ವಾಲ್’, ‘ಡಾರ್ಸೆಟ್‌ಶೈರ್’ ಎರಡನ್ನೂ ಮುಳುಗಿಸಿದ್ದರಿಂದ ತೊಡಕು ಮುಚ್ಚಿಹೋಯಿತು. ನಾಲ್ಕು ದಿನದ ಬಳಿಕ ತ್ರಿಂಕೊಮಲಿ ದಾಳಿಯ ದಿನ ಒಂಬತ್ತು ಬ್ರಿಟಿಷ್ ಬ್ಲೆನ್‌ಹೈಮ್ ಬಾಂಬರುಗಳು ಅಕಾಗಿಯವರಿಗೆ ಸುಳಿವೇ ಸಿಗದಂತೆ ಅದರ ನೆತ್ತಿಯ ಮೇಲೆ ಬಂದುಬಿಟ್ಟವು. ಬಾಂಬುಗಳು ಪಕ್ಕದ ನೀರಿಗೆ ಬಿದ್ದವು. ಜಪಾನಿನ ಈ ಹಡಗುಗಳಲ್ಲಿ ರೇಡಾರ್ ಇರಲಿಲ್ಲ, ದುರ್ಬೀನು ಹಿಡಿದ ಕಾವಲುಗಾರರೇ ಎಲ್ಲ. ಮಿಡ್‌ವೇಯಲ್ಲಿ ನಗುಮೊ ಅವರನ್ನು ಸೋಲಿಸಿದ ಎರಡೂ ಸಂಗತಿ ಹಿಂದೂ ಮಹಾಸಾಗರದಲ್ಲೇ ಎದುರಾಗಿದ್ದವು. ಗೆದ್ದ ಸಂಭ್ರಮದಲ್ಲಿ ಅವನ್ನು ಯಾರೂ ಸರಿಪಡಿಸಲಿಲ್ಲ. ಈ ಕದನದ ಬಗ್ಗೆ ನನಗೆ ಅತ್ಯಂತ ಮುಖ್ಯ ಎನಿಸುವುದು ಇದು.

ಮತ್ತೆ ಮಿಡ್‌ವೇ. 7.28ಕ್ಕೆ ಟೋನೆಯ ವಿಮಾನದಿಂದ ಸುದ್ದಿ: ಹತ್ತು ಶತ್ರು ಹಡಗುಗಳಂತೆ ಕಾಣುತ್ತಿವೆ. ಯಾವ ಬಗೆಯ ಹಡಗು ಎಂದು ಹೇಳಲಿಲ್ಲ. 7.45ಕ್ಕೆ ನಗುಮೊ ಬದಲಾಯಿಸುವ ಕೆಲಸ ನಿಲ್ಲಿಸಿದರು, ಟಾರ್ಪಿಡೊ ಬಿಚ್ಚದ ವಿಮಾನಗಳು ಹಾಗೇ ಇರಲಿ ಎಂದರು. 8.09ಕ್ಕೆ ಐದು ಕ್ರೂಸರ್, ಐದು ಡಿಸ್ಟ್ರಾಯರ್ ಎಂದು ತಿಳಿಯಿತು. 8.20ಕ್ಕೆ ಹಿಂದೆ ವಿಮಾನವಾಹಕದಂಥದ್ದೂ ಒಂದಿದೆ ಎಂದು ಬಂತು. ಆ ಹೊತ್ತಿಗೆ ಮಿಡ್‌ವೇ ದಾಳಿಗೆ ಹೋದ ವಿಮಾನಗಳು ಮರಳಿ ಬಂದು, ಪೆಟ್ರೋಲ್ ಮುಗಿಯುತ್ತ, ಕೆಲವು ಪೆಟ್ಟು ತಿಂದು, ಮೇಲೆ ಸುತ್ತುತ್ತಿದ್ದವು.

ಹಿರ್ಯುವಿನಲ್ಲಿದ್ದ ರಿಯರ್ ಅಡ್ಮಿರಲ್ ಯಮಾಗುಚಿ ತಾಮೊನ್ 8.30ರ ಹೊತ್ತಿಗೆ ದೀಪದ ಸಂಕೇತದಲ್ಲಿ ಸಲಹೆ ಕಳಿಸಿದರು: ಇದ್ದದ್ದನ್ನು ಈಗಲೇ ಹಾರಿಸಿ. ಹಿರ್ಯು, ಸೋರ್ಯುಗಳ ಡೈವ್ ಬಾಂಬರುಗಳು ಕೈಯಲ್ಲಿದ್ದವು. ನಗುಮೊ ಒಪ್ಪಲಿಲ್ಲ. ಮೊದಲು ಬಂದವರನ್ನು ಇಳಿಸಿಕೊಳ್ಳೋಣ, ಆಮೇಲೆ ಟಾರ್ಪಿಡೊ, ಡೈವ್ ಬಾಂಬರ್, ಫೈಟರ್ ಎಲ್ಲ ಒಟ್ಟಿಗೆ ಹೋಗಲಿ ಎಂದರು. ಬಾಂಬ್ ಕಟ್ಟಿದ್ದ ವಿಮಾನಗಳಿಗೆ ಅದನ್ನು ಬಿಚ್ಚಿ ಮತ್ತೆ ಟಾರ್ಪಿಡೊ ಕಟ್ಟಬೇಕಾಯಿತು. ಜೊತೆಗೆ ಹೋಗಬೇಕಾದ ಫೈಟರುಗಳಲ್ಲಿ ಬಹಳಷ್ಟನ್ನು ಕಾವಲಿಗೆ ಬಿಟ್ಟಾಗಿತ್ತು. ಆಗಿನ ಜಪಾನಿ ರೂಢಿಯ ಪ್ರಕಾರ ಅವರು ಮಾಡಿದ್ದು ಪುಸ್ತಕದ ಸರಿ ಉತ್ತರ. ನಗುಮೊ ಟಾರ್ಪಿಡೊ ಪರಿಣತರು, ವಿಮಾನದವರಲ್ಲ, ಅದಕ್ಕೇ ತಪ್ಪಿದರು ಎನ್ನುವವರಿದ್ದಾರೆ. ಆದರೆ ಎದುರಿಗಿದ್ದ ಅಮೆರಿಕದ ನಾಯಕರು ಸ್ಪ್ರೂಯೆನ್ಸ್, ಫ್ಲೆಚರ್ ಇಬ್ಬರೂ ಪೈಲಟ್ ಆಗಿದ್ದವರಲ್ಲ.

8.30ರಲ್ಲಿ ಯಮಾಗುಚಿ ಮಾತು ಕೇಳಿದ್ದರೆ? ಈ ಪ್ರಶ್ನೆಗೆ ಉತ್ತರ ಗಡಿಯಾರದಲ್ಲಿದೆ. ಸ್ಪ್ರೂಯೆನ್ಸ್ ಅವರ ‘ಎಂಟರ್‌ಪ್ರೈಸ್’, ‘ಹಾರ್ನೆಟ್’ ಹಡಗುಗಳಿಂದ ವಿಮಾನಗಳು ಏಳಲು ಶುರುವಾದದ್ದು 7 ಗಂಟೆಗೆ. ಎದುರಿಗೆ ವಿಮಾನವಾಹಕ ಇದೆ ಎಂದು ನಗುಮೊ ಅವರಿಗೆ ತಿಳಿಯುವ ಹೊತ್ತಿಗೆ ಅವರನ್ನು ಸುಡಲಿದ್ದ ಬಾಂಬುಗಳು ಆಗಲೇ ಗಾಳಿಯಲ್ಲಿದ್ದವು. ಕೂಡಲೇ ಹಾರಿಸಿದ್ದರೆ ಅಮೆರಿಕಕ್ಕೆ ಇನ್ನೂ ಹೆಚ್ಚು ಪೆಟ್ಟು ಬೀಳುತ್ತಿತ್ತು, ಆದರೆ ತಮ್ಮ ಮೇಲೆ ಬರುವುದು ತಪ್ಪುತ್ತಿರಲಿಲ್ಲ.

ರಿಯರ್ ಅಡ್ಮಿರಲ್ ರೇಮಂಡ್ ಸ್ಪ್ರೂಯೆನ್ಸ್ ಆ ಜಾಗಕ್ಕೆ ಬಂದದ್ದು ಕಡೇ ಗಳಿಗೆಯಲ್ಲಿ. ಮೊದಲು ಆ ಹಡಗುಗಳ ನಾಯಕರಾಗಿದ್ದ ಅಡ್ಮಿರಲ್ ಹಾಲ್ಸಿ ಚರ್ಮರೋಗದಿಂದ ಆಸ್ಪತ್ರೆ ಸೇರಿದರು, ತಮ್ಮ ಬದಲಿಗೆ ಕ್ರೂಸರುಗಳ ನಾಯಕ ಸ್ಪ್ರೂಯೆನ್ಸ್ ಅವರ ಹೆಸರು ಹೇಳಿದರು. ಮಾತು ಕಡಿಮೆ, ತಾಳ್ಮೆಯ ಮನುಷ್ಯ. ಶತ್ರು 150 ಮೈಲಿಗೂ ದೂರ ಇದ್ದಾನೆ, ವಿಮಾನಗಳ ಪೆಟ್ರೋಲ್ ಅಂಚಿನ ಲೆಕ್ಕ ಎಂದು ಗೊತ್ತಿದ್ದೂ ಇರುವುದೆಲ್ಲವನ್ನೂ ಬಿಟ್ಟರು. ಆ ಹಡಗುಗಳ ಡೆಕ್ಕಿನಲ್ಲೂ ಎಲ್ಲ ವಿಮಾನ ಒಟ್ಟಿಗೆ ನಿಲ್ಲಲಾರವು. ಅರ್ಧ ಹಾರಿದ ಮೇಲೆ ಉಳಿದರ್ಧ ಮೇಲೆ ಬರಬೇಕು. ಮೊದಲು ಹಾರಿದವರು ಸುತ್ತು ಹೊಡೆಯುತ್ತ ಪೆಟ್ರೋಲ್ ಸುಡುತ್ತಿದ್ದರು. 7.45ಕ್ಕೆ ಸ್ಪ್ರೂಯೆನ್ಸ್ ಡೈವ್ ಬಾಂಬರುಗಳ ಮುಂದಾಳು ವೇಡ್ ಮೆಕ್ಲಸ್ಕಿ ಅವರಿಗೆ ಕಾಯದೆ ಹೊರಡಲು ಹೇಳಿದರು. ಒಟ್ಟಿಗೆ ಹೋಗಬೇಕೆಂಬ ನಿಯಮವನ್ನು ನಗುಮೊ ಉಳಿಸಿಕೊಂಡರು, ಸ್ಪ್ರೂಯೆನ್ಸ್ ಮುರಿದರು.

ಅದರ ಬೆಲೆ ತೆತ್ತವರು ಟಾರ್ಪಿಡೊ ಪೈಲಟ್‌ಗಳು. ‘ಡೆವಾಸ್ಟೇಟರ್’ ಎಂಬ ಅವರ ವಿಮಾನ ನಿಧಾನದ್ದು, ಟಾರ್ಪಿಡೊ ಬಿಡಬೇಕಾದರೆ ನೀರಿಗೆ ತಾಗುವಂತೆ ಇಳಿದು ಇನ್ನೂ ನಿಧಾನವಾಗಬೇಕು. 9.20ರ ಸುಮಾರಿಗೆ ಹಾರ್ನೆಟ್‌ನ 15 ವಿಮಾನ, ಜಾನ್ ವಾಲ್ಡ್ರನ್ ಮುಂದಾಳತ್ವದಲ್ಲಿ, ಫೈಟರ್ ಕಾವಲಿಲ್ಲದೆ ನುಗ್ಗಿದವು. ಹದಿನೈದೂ ಬಿದ್ದವು. 30 ಜನರಲ್ಲಿ ಉಳಿದವರು ಜಾರ್ಜ್ ಗೇ ಒಬ್ಬರೇ. ಆಮೇಲೆ ಎಂಟರ್‌ಪ್ರೈಸ್‌ನ 14, ಕೊನೆಗೆ ಮೂರನೇ ವಿಮಾನವಾಹಕ ‘ಯಾರ್ಕ್‌ಟೌನ್’ನ 12. ಒಟ್ಟು 41ರಲ್ಲಿ ಮೂವತ್ತೈದಕ್ಕೂ ಹೆಚ್ಚು ಕಡಲು ಪಾಲಾದವು. ಒಂದೇ ಒಂದು ಟಾರ್ಪಿಡೊ ತಾಗಲಿಲ್ಲ.

ಇವರು ಜೀರೊಗಳನ್ನು ನೀರಿನ ಮಟ್ಟಕ್ಕೆ ಎಳೆದರು, ಅದರಿಂದ ಮೇಲೆ ದಾರಿ ತೆರೆಯಿತು ಎಂದು ಹೇಳುವುದುಂಟು. ಕೊನೆಯ ಗುಂಪಿನ ಮಟ್ಟಿಗೆ ಅದು ನಿಜ. ವಾಲ್ಡ್ರನ್ ಗುಂಪು ಮುಗಿದದ್ದು ಮುಕ್ಕಾಲು ಗಂಟೆ ಮೊದಲು, ಅಷ್ಟರಲ್ಲಿ ಜೀರೊ ಮತ್ತೆ ಮೇಲೇರಬಲ್ಲದು. ಅವರು ಕೊಟ್ಟದ್ದು ಬೇರೆ: ಸಮಯ. ಜೀರೊದ ಎರಡು 20 ಮಿಲಿಮೀಟರ್ ತೋಪುಗಳಿಗೆ ತಲಾ 60 ಗುಂಡು ಮಾತ್ರ. ಕೆಲವೇ ಕ್ಷಣ ಹೊಡೆದರೆ ಖಾಲಿ, ಇಳಿದು ತುಂಬಿಸಿಕೊಳ್ಳಬೇಕು. ಪ್ರತಿ ದಾಳಿಗೂ ಫೈಟರ್ ಇಳಿಯಿತು, ಏರಿತು, ಹಡಗು ಅತ್ತಿತ್ತ ತಿರುಗಿತು. ಟಾರ್ಪಿಡೊ ವಿಮಾನಗಳನ್ನು ಮೇಲೆ ತಂದು ನಿಲ್ಲಿಸಲು ಬೇಕಿದ್ದ ಆ ಮುಕ್ಕಾಲು ಗಂಟೆಯ ಬಿಡುವು ಡೆಕ್ಕಿಗೆ ಸಿಗಲೇ ಇಲ್ಲ. ಪ್ರಾಣ ಕೊಟ್ಟವರಿಗೆ ಸಲ್ಲಬೇಕಾದ ನಿಜವಾದ ಗೌರವ ಇದು.

ಮೆಕ್ಲಸ್ಕಿ ಲೆಕ್ಕ ಹಾಕಿದ ಜಾಗಕ್ಕೆ ಬಂದಾಗ ಕಡಲು ಖಾಲಿ. ನಗುಮೊ ದಿಕ್ಕು ಬದಲಿಸಿ ಈಶಾನ್ಯಕ್ಕೆ ಹೊರಟಿದ್ದರು. ಪೆಟ್ರೋಲ್ ಹಿಂತಿರುಗಲು ಸಾಲುತ್ತದೋ ಇಲ್ಲವೋ ಎಂಬಲ್ಲಿಗೆ ಬಂದಿತ್ತು. ಆದರೂ ಹಿಂದಿರುಗದೆ ಇನ್ನಷ್ಟು ಮುಂದೆ ಹೋಗಿ, ಆಮೇಲೆ ವಾಯವ್ಯಕ್ಕೆ ತಿರುಗಿ ಹುಡುಕಿದರು. 9.55ಕ್ಕೆ ಕೆಳಗೆ ಒಂಟಿ ಡಿಸ್ಟ್ರಾಯರ್ ಪೂರ್ತಿ ವೇಗದಲ್ಲಿ ಹೋಗುತ್ತಿರುವುದು ಕಂಡಿತು. ‘ಅರಾಶಿ’ ಎಂಬ ಆ ಹಡಗು ಅಮೆರಿಕದ ‘ನಾಟಿಲಸ್’ ಜಲಾಂತರ್ಗಾಮಿಯನ್ನು ಅಡಗಿಸಲು ಹಿಂದುಳಿದು, ಈಗ ತನ್ನ ಗುಂಪು ಸೇರಲು ಓಡುತ್ತಿತ್ತು. ಅದು ಹೊರಟ ದಿಕ್ಕೇ ದಾರಿ ಎಂದು ಮೆಕ್ಲಸ್ಕಿ ತಿರುಗಿಸಿದರು. ಕೆಲವೇ ನಿಮಿಷದಲ್ಲಿ ನಾಲ್ಕು ವಿಮಾನವಾಹಕಗಳು ಕಂಡವು. ಅದೇ ಹೊತ್ತಿಗೆ, ತಡವಾಗಿ ಹೊರಟರೂ ನೇರ ದಾರಿ ಹಿಡಿದ ಯಾರ್ಕ್‌ಟೌನ್‌ನ ಗುಂಪೂ ಇನ್ನೊಂದು ದಿಕ್ಕಿನಿಂದ ಬಂತು.

10.22ಕ್ಕೆ ಧುಮುಕಿದವು. ಎಂಟರ್‌ಪ್ರೈಸ್‌ನ ಎರಡು ಸ್ಕ್ವಾಡ್ರನ್‌ಗಳಿಗೆ (ವಿಮಾನ ತುಕಡಿಗಳಿಗೆ) ಯಾರಿಗೆ ಯಾವ ಹಡಗು ಎಂಬುದು ಕಲಸಿಹೋಗಿ, ಹೆಚ್ಚುಕಡಿಮೆ ಎಲ್ಲರೂ ಕಾಗಾದ ಮೇಲೇ ಬಿದ್ದರು. ಲೆಫ್ಟಿನೆಂಟ್ ರಿಚರ್ಡ್ ಬೆಸ್ಟ್ ಇದನ್ನು ಗಮನಿಸಿ ಇಬ್ಬರು ಜೊತೆಗಾರರೊಂದಿಗೆ ಅಕಾಗಿಯತ್ತ ಹೊರಳಿದರು. ಮೂರೇ ವಿಮಾನ. ಒಂದೇ ಬಾಂಬ್ ನೇರ ತಾಗಿತು, ಸುಮಾರು 450 ಕಿಲೊದ್ದು. ನಡುವಿನ ಲಿಫ್ಟಿನ ಅಂಚಿನಲ್ಲಿ ತೂರಿ ಮೇಲಿನ ಹ್ಯಾಂಗರಿನಲ್ಲಿ ಸಿಡಿಯಿತು. ಇಷ್ಟು ದೊಡ್ಡ ಹಡಗು ಒಂದು ಬಾಂಬಿಗೆ ಸಾಯಬಾರದು. ಆದರೆ ಆ ಹ್ಯಾಂಗರಿನಲ್ಲಿ ಟಾರ್ಪಿಡೊ ಹೊತ್ತ, ಟ್ಯಾಂಕ್ ತುಂಬಿದ ವಿಮಾನಗಳಿದ್ದವು. ಬೆಳಿಗ್ಗೆ ಬಿಚ್ಚಿದ ಬಾಂಬುಗಳನ್ನು ತಳದ ಮದ್ದಿನ ಕೋಣೆಗೆ ಇಳಿಸಲು ಹೊತ್ತಿಲ್ಲದೆ ಅಲ್ಲೇ ಬದಿಗಿಟ್ಟಿದ್ದರು.

ಜಪಾನಿನ ಹ್ಯಾಂಗರಿಗೆ ನಾಲ್ಕೂ ಕಡೆ ಗೋಡೆ. ಸ್ಫೋಟ ಹೊರಗೆ ಹೋಗಲು ದಾರಿಯಿಲ್ಲ, ಉರಿಯುವ ವಿಮಾನವನ್ನು ಕಡಲಿಗೆ ತಳ್ಳಲು ಬಾಗಿಲಿಲ್ಲ. ಪೆಟ್ರೋಲಿನ ಆವಿ ಒಳಗೇ ತುಂಬಿಕೊಂಡಿತು. ಅಮೆರಿಕದ ಹಡಗುಗಳ ಹ್ಯಾಂಗರಿಗೆ ಪಕ್ಕದಲ್ಲಿ ದೊಡ್ಡ ತೆರಪುಗಳಿದ್ದವು, ವಿಮಾನಗಳಿಗೆ ಬಾಂಬ್ ಕಟ್ಟುವುದೂ ಹೆಚ್ಚಾಗಿ ಮೇಲಿನ ಡೆಕ್ಕಿನಲ್ಲೇ. ಕಾಗಾಕ್ಕೆ ಕನಿಷ್ಠ ನಾಲ್ಕು ಬಾಂಬ್ ಬಿದ್ದವು. ಒಂದು ಬ್ರಿಜ್ ಬಳಿ ಸಿಡಿದು ಕ್ಯಾಪ್ಟನ್ ಒಕಾಡಾ ಸತ್ತರು. ಸೋರ್ಯುವಿಗೆ ಯಾರ್ಕ್‌ಟೌನ್‌ನವರ ಮೂರು ಬಾಂಬ್. ಮೂರು ಹಡಗೂ ಹತ್ತು ನಿಮಿಷದೊಳಗೆ ಹೊತ್ತಿಕೊಂಡವು. ನಗುಮೊ ಬ್ರಿಜ್ ಕಿಟಕಿಯಿಂದ ಇಳಿದು ‘ನಗಾರಾ’ ಎಂಬ ಸಣ್ಣ ಕ್ರೂಸರಿಗೆ ಹೋಗಬೇಕಾಯಿತು.

ಉಳಿದದ್ದು ಹಿರ್ಯು. ಯಮಾಗುಚಿ ಕಾಯಲಿಲ್ಲ. 18 ಡೈವ್ ಬಾಂಬರ್, 6 ಜೀರೊ ಕೂಡಲೇ ಹೊರಟವು. ಮಧ್ಯಾಹ್ನ 12 ದಾಟುವಾಗ ಯಾರ್ಕ್‌ಟೌನ್‌ಗೆ ಮೂರು ಬಾಂಬ್ ತಾಗಿದವು. 18ರಲ್ಲಿ 13 ಹಿಂತಿರುಗಲಿಲ್ಲ.

ಯಾರ್ಕ್‌ಟೌನ್‌ನ ಕತೆಯನ್ನು ಅಕಾಗಿಯ ಪಕ್ಕದಲ್ಲಿಟ್ಟು ನೋಡಿ. ಮೇ ತಿಂಗಳ ಕೋರಲ್ ಸಮುದ್ರದ ಕದನದಲ್ಲಿ ಗಾಯಗೊಂಡು ಮೇ 27ಕ್ಕೆ ಪರ್ಲ್ ಹಾರ್ಬರ್ ಸೇರಿದ ಹಡಗದು. ನಿಮಿಟ್ಜ್ ಮೂರು ದಿನದ ಗಡುವು ಕೊಟ್ಟರು, ಸಾವಿರಕ್ಕೂ ಹೆಚ್ಚು ಕೆಲಸಗಾರರು ಹಗಲುರಾತ್ರಿ ದುಡಿದರು, 30ಕ್ಕೆ ಹಡಗು ಹೊರಟಿತು. ಅದೇ ಕದನದಿಂದ ಮರಳಿದ ಜಪಾನಿನ ‘ಜುಯಿಕಾಕು’ ಹಡಗಿಗೆ ಗಾಯವೇ ಇರಲಿಲ್ಲ. ವಿಮಾನ, ಪೈಲಟ್ ಕಡಿಮೆಯಾದರೆಂದು ಅದನ್ನು ಊರಲ್ಲೇ ಬಿಟ್ಟರು. ಯಾರ್ಕ್‌ಟೌನ್‌ಗೆ ಬೇರೆ ಹಡಗಿನ ಸ್ಕ್ವಾಡ್ರನ್‌ಗಳನ್ನು ಹತ್ತಿಸಿ ಕಳಿಸಿದರು. ಇನ್ನೊಂದು ಸಂಗತಿ: ದಾಳಿ ಬರುತ್ತಿದೆ ಎಂದು ರೇಡಾರ್ ಹೇಳಿದೊಡನೆ ಪೆಟ್ರೋಲ್ ಕೊಳವೆಗಳನ್ನು ಬರಿದು ಮಾಡಿ ಅವುಗಳಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಸಿದ್ದರು. ಆ ಉಪಾಯ ಹಡಗಿನ ಮೆಕ್ಯಾನಿಕ್ ದರ್ಜೆಯ ಅಧಿಕಾರಿ ಆಸ್ಕರ್ ಮೈಯರ್ಸ್ ಅವರದು. ಮೂರು ಬಾಂಬ್ ಬಿದ್ದರೂ ಹ್ಯಾಂಗರ್ ಹೊತ್ತಿ ಉರಿಯಲಿಲ್ಲ. ಡೆಕ್ಕಿನ ತೂತಿಗೆ ಮರದ ತೊಲೆ, ಮೇಲೆ ಉಕ್ಕಿನ ತಗಡು ಹಾಸಿದರು. ಆರಿಹೋದ ಬಾಯ್ಲರುಗಳನ್ನು ಮತ್ತೆ ಹೊತ್ತಿಸಿದರು. ಎರಡು ಗಂಟೆ ಕಳೆಯುವಷ್ಟರಲ್ಲಿ ಹಡಗು ಮತ್ತೆ ಓಡುತ್ತಿತ್ತು.

ಹಿರ್ಯುವಿನ ಎರಡನೇ ಗುಂಪು, 10 ಟಾರ್ಪಿಡೊ ವಿಮಾನ ಮತ್ತು 6 ಜೀರೊ, ಅದನ್ನು ಗಾಯವಿಲ್ಲದ ಬೇರೆ ಹಡಗೆಂದೇ ತಿಳಿದು ಹೊಡೆಯಿತು. ಮುಂದಾಳು ಅದೇ ತೊಮೊನಾಗಾ. ಬೆಳಿಗ್ಗೆ ಮಿಡ್‌ವೇಯಲ್ಲಿ ಅವರ ವಿಮಾನದ ರೆಕ್ಕೆಯ ಟ್ಯಾಂಕಿಗೆ ತೂತು ಬಿದ್ದಿತ್ತು. ಮರಳಿ ಬರಲಾಗದು ಎಂದು ಗೊತ್ತಿದ್ದೇ ಹೋದರು, ಬರಲಿಲ್ಲ. ಎರಡು ಟಾರ್ಪಿಡೊ ತಾಗಿದವು, ಹಡಗು ವಾಲಿತು.

ಇಲ್ಲಿ ಫ್ಲೆಚರ್ ಅವರಿಗೆ ನ್ಯಾಯ ಸಲ್ಲಬೇಕು. ಎಲ್ಲ ಕೀರ್ತಿ ಸ್ಪ್ರೂಯೆನ್ಸ್‌ಗೆ ಹೋಯಿತು, ಆದರೆ ಹಿರಿಯರು ಯಾರ್ಕ್‌ಟೌನ್‌ನಲ್ಲಿದ್ದ ಫ್ಲೆಚರ್, ಕದನದ ಒಟ್ಟು ಹೊಣೆ ಅವರದು. ಪೆಟ್ಟು ಬೀಳುವ ಮೊದಲೇ ನಾಲ್ಕನೇ ಹಡಗನ್ನು ಹುಡುಕಲು 10 ವಿಮಾನ ಕಳಿಸಿದ್ದರು. ಅವುಗಳಲ್ಲೊಂದು 2.45ಕ್ಕೆ ಹಿರ್ಯುವನ್ನು ಕಂಡಿತು. ಸಂಜೆ 5 ಗಂಟೆಗೆ ಎಂಟರ್‌ಪ್ರೈಸ್‌ನಿಂದ ಹೋದ ಡೈವ್ ಬಾಂಬರುಗಳು, ಹಡಗು ಕಳೆದುಕೊಂಡ ಯಾರ್ಕ್‌ಟೌನ್‌ನವರೂ ಸೇರಿ, ಅದಕ್ಕೆ ನಾಲ್ಕು ಬಾಂಬ್ ಹಾಕಿದವು. ತಮ್ಮ ಹಡಗು ಹೋದ ಮೇಲೆ ಫ್ಲೆಚರ್ ಮುಂದಿನ ಅಧಿಕಾರವನ್ನು ಕಿರಿಯರಾದ ಸ್ಪ್ರೂಯೆನ್ಸ್ ಕೈಗೆ ಬಿಟ್ಟರು. ಹಾಗೆ ಬಿಡುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಯಮಾಗುಚಿ ಹಿರ್ಯುವಿನೊಂದಿಗೇ ಮುಳುಗಿದರು.

ಆ ರಾತ್ರಿ ಸ್ಪ್ರೂಯೆನ್ಸ್ ಶತ್ರುವನ್ನು ಬೆನ್ನಟ್ಟದೆ ಪೂರ್ವಕ್ಕೆ ತಿರುಗಿದರು. ಆಗ ಹಲವರು ಟೀಕಿಸಿದರು. ಕತ್ತಲಲ್ಲಿ ವಿಮಾನಗಳಿಂದ ಏನೂ ಆಗದು, ಜಪಾನಿನವರು ರಾತ್ರಿ ಕಾಳಗದಲ್ಲಿ ಪಳಗಿದವರು. ಯಮಾಮೊಟೊ ಆ ರಾತ್ರಿ ಅಂಥದೇ ಕಾಳಗಕ್ಕೆ ಹಡಗುಗಳನ್ನು ಮುಂದೆ ಕಳಿಸಿದ್ದರು. ಎದುರಾಳಿ ಸಿಗದೆ, 5ರ ಬೆಳಗಿನ ಜಾವ 3ಕ್ಕೆ ಕೊಂಚ ಮೊದಲು, ಕಾರ್ಯಾಚರಣೆಯನ್ನೇ ರದ್ದುಮಾಡಿದರು. ಯಾರ್ಕ್‌ಟೌನ್ ಇನ್ನೂ ತೇಲುತ್ತಿತ್ತು. 6ರಂದು ಜಪಾನಿನ ಐ-168 ಜಲಾಂತರ್ಗಾಮಿ ಅದಕ್ಕೂ ಪಕ್ಕದ ‘ಹ್ಯಾಮನ್’ ಡಿಸ್ಟ್ರಾಯರಿಗೂ ಟಾರ್ಪಿಡೊ ಹೊಡೆಯಿತು. ಮರುದಿನ ಬೆಳಿಗ್ಗೆ ಯಾರ್ಕ್‌ಟೌನ್ ಮುಳುಗಿತು.

ಜಪಾನಿನ ಕಡೆ ಸತ್ತವರು ಮೂರು ಸಾವಿರಕ್ಕೂ ಹೆಚ್ಚು, ಅಮೆರಿಕದ ಕಡೆ ಮುನ್ನೂರರ ಆಸುಪಾಸು. ಜಪಾನ್ ತನ್ನ ಅತ್ಯುತ್ತಮ ಪೈಲಟ್‌ಗಳನ್ನೆಲ್ಲ ಮಿಡ್‌ವೇಯಲ್ಲೇ ಕಳೆದುಕೊಂಡಿತು ಎಂದು ಈಗಲೂ ಬರೆಯುತ್ತಾರೆ. ವಿಮಾನದ ಸಿಬ್ಬಂದಿಯಲ್ಲಿ ಸತ್ತವರು ಸುಮಾರು 110, ಅದರಲ್ಲೂ ಬಹುಪಾಲು ಹಿರ್ಯುವಿನವರು. ಹ್ಯಾಂಗರುಗಳಲ್ಲಿ ವಿಮಾನ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್‌ಗಳಲ್ಲಿ ಸತ್ತವರು ಏಳುನೂರಕ್ಕೂ ಹೆಚ್ಚು. ಆ ಬೆಳಿಗ್ಗೆ ವಾಲುವ ಹಡಗಿನಲ್ಲಿ ಗಾಡಿ ತಳ್ಳಿದವರು, ಟಾರ್ಪಿಡೊ ಬಿಚ್ಚಿದವರು, ಮತ್ತೆ ಕಟ್ಟಿದವರು ಅವರೇ.